ಉದ್ಘಾಟನೆ ಸಾಕು ಮಾರಾಯ್ರೇ, ಇನ್ನು ರಿಪೇರಿಗೆ ಬನ್ನಿ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಿಗೆ ಈಚೆಗೆ ಒಂದು ಹೊಸ ಚಾಳಿ ಹಿಡಿದಿದೆ. ಆ್ಯಪ್ ಬಿಡುಗಡೆ! ಯಾವುದೋ ಸಂಘದವರೋ ಹಳೆ ವಿದ್ಯಾರ್ಥಿಗಳೋ ದುಡ್ಡು ಹಾಕಿ ಒಂದು ಕನ್ನಡ ಕಲಿಕೆಯ ಆ್ಯಪ್ ಮಾಡಿಸುತ್ತಾರೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಗಿ ಮುಖ್ಯ ಅತಿಥಿಗಳು ಫೋನಿನ ಪರದೆಯನ್ನು ಒತ್ತಿ ‘ಲೋಕಾರ್ಪಣೆ’ ಮಾಡುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೋ. ಅಲ್ಲಿಗೆ ಮುಗಿಯಿತು. ಎರಡು ವರ್ಷ ಬಿಟ್ಟು ಹೊಸ ಫೋನ್ ತೆಗೆದುಕೊಂಡ ಮಗುವಿನ ತಾಯಿ ಅದೇ ಆ್ಯಪ್ ಹುಡುಕಿದರೆ, ‘ಹಳೆಯ ಆಂಡ್ರಾಯ್ಡ್‌ಗಾಗಿ ಮಾಡಿದ್ದು, ನಿಮ್ಮ ಫೋನಿಗೆ ಸಿಗುವುದಿಲ್ಲ’ ಎಂದು ಬರುತ್ತದೆ. ಇಲ್ಲವೇ ಏನೂ ಬರುವುದೇ ಇಲ್ಲ.

ಹೀಗೆ ಹುಟ್ಟಿ ಹೀಗೇ ಸತ್ತ ಆ್ಯಪ್‌ಗಳನ್ನು ನಾವು, ಕಾಸರಗೋಡಿನ ಈ ಕೆಲವು ಅಧ್ಯಾಪಕರು, ಬೇಕಾದಷ್ಟು ನೋಡಿದ್ದೇವೆ. ಇವುಗಳಲ್ಲಿ ಒಂದಕ್ಕೆ ನಮ್ಮ ಮಕ್ಕಳೇ ಧ್ವನಿ ಕೊಟ್ಟಿದ್ದರು. ನಾಲ್ಕನೇ ಕ್ಲಾಸಿನ ಮಕ್ಕಳು ಅಕ್ಷರ ಓದಿದ ರೆಕಾರ್ಡಿಂಗ್. ಈಗ ಆ ಆ್ಯಪ್ ಇಲ್ಲ, ಅದರ ಕೋಡ್ ಯಾರ ಹತ್ತಿರ ಉಂಟು ಅಂತ ಸಂಘದವರಿಗೂ ಗೊತ್ತಿಲ್ಲ. ಮಾಡಿದ ಹುಡುಗ ಕೆಲಸ ಸಿಕ್ಕಿ ಹೋದ. ಅವನನ್ನು ದೂರಿ ಪ್ರಯೋಜನ ಇಲ್ಲ. ಅವನಿಗೆ ಶಾಲು ಹೊದೆಸಿದ್ದು ಮಾಡಿದ್ದಕ್ಕೆ. ನೋಡಿಕೊಳ್ಳುವುದಕ್ಕೆ ಯಾರೂ ಹೇಳಿರಲಿಲ್ಲ, ಅದಕ್ಕೆ ಬಜೆಟ್ಟೂ ಇರಲಿಲ್ಲ.

ಇಲ್ಲಿ ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ನೆಟ್ಟ ದಿನ ಫೋಟೋ ತೆಗೆದರೆ ಕೊಳೆರೋಗ ಬಾರದೆ ಇರುತ್ತದೆಯೇ? ಮಳೆಗಾಲ ಬಂದಾಗ ಮದ್ದು ಬಿಡಬೇಕು, ಮಳೆ ಜಾಸ್ತಿಯಾದರೆ ಮತ್ತೊಮ್ಮೆ ಬಿಡಬೇಕು, ಮುಂದಿನ ವರ್ಷವೂ ಬಿಡಬೇಕು. ಆ್ಯಪ್‌ಗೂ ಅಷ್ಟೇ. ಗೂಗಲ್ ಪ್ಲೇಯಲ್ಲಿ ಪ್ರತಿ ವರ್ಷ ಒಂದು ಮೆಟ್ಟಿಲು ಏರುತ್ತದೆ. 2018ರಲ್ಲಿ ಹೊಸ ಆ್ಯಪ್‌ಗಳು ಆಂಡ್ರಾಯ್ಡ್ 8ನ್ನು ಗುರಿಯಾಗಿಟ್ಟು ಕಟ್ಟಿದವು ಆಗಿರಬೇಕೆಂದರು. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗೂ ಹೊಸ ಆವೃತ್ತಿಗೂ ಆಂಡ್ರಾಯ್ಡ್ 15, ಅಂದರೆ ಎಪಿಐ 35, ಬೇಕು. ಮೊದಲೇ ಇದ್ದ ಆ್ಯಪ್ ಒಂದು ಮೆಟ್ಟಿಲು ಕೆಳಗಾದರೂ ನಿಂತಿರಬೇಕು, ಇಲ್ಲದಿದ್ದರೆ ಹೊಸ ಫೋನಿನವರಿಗೆ ಅದು ಕಾಣಿಸುವುದೇ ಇಲ್ಲ. ಬರೀ ಅಂಗಡಿಯ ಕಾನೂನು ಮಾತ್ರ ಅಂದುಕೊಳ್ಳಬೇಡಿ. ಆಂಡ್ರಾಯ್ಡ್ 14 ಬಂದ ಮೇಲೆ ತೀರಾ ಹಳೆಯ ಕಾಲಕ್ಕೆ ಕಟ್ಟಿದ ಆ್ಯಪನ್ನು ಫೋನೇ ಒಳಗೆ ಬಿಡುವುದಿಲ್ಲ. ಮೆಟ್ಟಿಲು ಏರಿಸುವುದೆಂದರೆ ಒಂದು ಅಂಕೆ ತಿದ್ದಿದರೆ ಮುಗಿಯುವ ಕೆಲಸವೂ ಅಲ್ಲ. ಆಂಡ್ರಾಯ್ಡ್ 11ರಲ್ಲಿ ಫೋನಿನ ಸಂಗ್ರಹದಲ್ಲಿ ಆ್ಯಪ್ ಎಲ್ಲೆಂದರಲ್ಲಿ ಕೈ ಹಾಕದ ಹಾಗೆ ಬೇಲಿ ಹಾಕಿದರು. ತಮ್ಮದೇ ಫೋಲ್ಡರ್ ಮಾಡಿ ಪಾಠ ಇಟ್ಟುಕೊಂಡಿದ್ದ ಆ್ಯಪ್‌ಗಳಿಗೆಲ್ಲ ಆಗ ತಲೆನೋವು. ಒಂದು ಕಡೆ ಸರಿ ಮಾಡಿದರೆ ಮತ್ತೊಂದು ಕಡೆ ಕೆಡುತ್ತದೆ. ಎಲ್ಲಿ ಕೆಟ್ಟಿತು ಅಂತ ಗೊತ್ತಾಗುವುದು ಹೇಗೆ?

ಅದಕ್ಕೇ ಟೆಸ್ಟ್ ಇರುವುದು. ನಮ್ಮ ಈ ಇಡೀ ಜಗಳ ಅದರ ಬಗ್ಗೆಯೇ.

ನಮ್ಮ ವಾದ ಇಷ್ಟು: ಕನ್ನಡ ಶಾಲೆಗಳು ಇನ್ನು ಹೊಸ ಆ್ಯಪ್ ಮಾಡಿಸುವುದನ್ನು ನಿಲ್ಲಿಸಬೇಕು. ಈಗಾಗಲೇ ಜೀವಂತ ಇರುವ, ಕೋಡ್ ಎಲ್ಲರಿಗೂ ತೆರೆದಿರುವ ಒಂದು ಆ್ಯಪನ್ನು ಹಿಡಿದುಕೊಂಡು, ಅದರ ಕೋಡ್ ಸರಿ ಮಾಡುವುದಕ್ಕೂ ಅದಕ್ಕೆ ಕನ್ನಡದ ಟೆಸ್ಟ್ ಬರೆಯುವುದಕ್ಕೂ ಕೈ ಹಾಕಬೇಕು. ಇದರಲ್ಲಿ ಫೋಟೋ ಬರುವುದಿಲ್ಲ, ನಿಜ.

ಉದಾಹರಣೆಗೆ ಆಂಕಿಡ್ರಾಯ್ಡ್. ಟೀಚರುಗಳು ಕ್ಲಾಸಿನಲ್ಲಿ ತೋರಿಸುವ ಮಿಂಚುಪಟ್ಟಿ ಉಂಟಲ್ಲ, ಅದನ್ನೇ ಫೋನಿನಲ್ಲಿ ಮಾಡಿದ ಹಾಗೆ. ಮರೆಯುವ ಹೊತ್ತಿಗೆ ಸರಿಯಾಗಿ ಚೀಟಿ ಮತ್ತೆ ಎದುರಿಗೆ ಬರುತ್ತದೆ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಕಂಪ್ಯೂಟರಿಗಾಗಿ ಆಂಕಿ ಮಾಡಿದರು, 2009ರಲ್ಲಿ ನಿಕೋಲಾ ರಾವುಲ್ ಅದನ್ನು ಆಂಡ್ರಾಯ್ಡ್‌ಗೆ ತರುವ ಕೆಲಸ ಶುರು ಮಾಡಿದರು. ಇಷ್ಟು ವರ್ಷ ಆದರೂ ಅದು ಬದುಕಿದೆ. ಹೇಗೆ? ಯಾರೋ ಒಬ್ಬರು ಮಹಾನುಭಾವರು ಹೊತ್ತುಕೊಂಡದ್ದರಿಂದ ಅಲ್ಲ. ಬಂದವರು ಹೋದವರು ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತದ್ದರಿಂದ. ಜಾವಾ ಭಾಷೆಯಲ್ಲಿದ್ದ ಕೋಡನ್ನು ಕಡತ ಕಡತವಾಗಿ ಕಾಟ್ಲಿನ್‌ಗೆ ತಂದರು. ಆಗ ಆ್ಯಪ್ ಬೀಳದೆ ಉಳಿಯಲು ದೊಡ್ಡ ಆಸರೆ ಟೆಸ್ಟ್‌ಗಳದ್ದು. ಯಾರು ಎಲ್ಲಿಂದ ತಿದ್ದುಪಡಿ ಕಳಿಸಿದರೂ ಸರ್ವರಿನಲ್ಲಿ ಸಾಲುಸಾಲು ಟೆಸ್ಟ್ ತನ್ನಿಂತಾನೇ ಓಡುತ್ತದೆ. ಒಂದು ಕೆಂಪು ಬಂದರೂ ತಿದ್ದುಪಡಿ ಹೊರಗೆ. ಕಳಿಸಿದವ ದೊಡ್ಡ ಎಂಜಿನಿಯರೇ ಇರಲಿ, ಹತ್ತನೇ ಕ್ಲಾಸಿನ ಹುಡುಗಿಯೇ ಇರಲಿ, ಕಾನೂನು ಒಂದೇ.

ಟೆಸ್ಟ್ ಅಂದರೆ ಎಂತ ಅಂತ ಕೇಳುವವರಿಗೆ: ಕೋಡಿಗೆ ಕೊಡುವ ಪ್ರಶ್ನೆಪತ್ರಿಕೆ, ಉತ್ತರಸೂಚಿ ಸಮೇತ. ‘ಇದನ್ನು ಕೊಟ್ಟರೆ ಅದು ಬರಬೇಕು’ ಅಂತ ಒಂದೊಂದು ಸಾಲು. ಜೆಯೂನಿಟ್ ಎಂಬ ಉಪಕರಣ ಅದನ್ನು ಓಡಿಸಿ ಪಾಸೋ ಫೇಲೋ ಹೇಳುತ್ತದೆ. ಆಂಡ್ರಾಯ್ಡ್‌ನ ಭಾಗಗಳು ಬೇಕಾದಾಗ ರೋಬೋಲೆಕ್ಟ್ರಿಕ್ ಎಂಬುದು ಉಂಟು. ಅದಿದ್ದರೆ ಫೋನೂ ಬೇಡ, ಎಮ್ಯುಲೇಟರೂ ಬೇಡ, ಕಂಪ್ಯೂಟರಿನಲ್ಲೇ ಪರೀಕ್ಷೆ ಮುಗಿಯುತ್ತದೆ. ಬಟನ್ ಒತ್ತಿ ಪರದೆ ನೋಡುವ ರೀತಿಯ ಪರೀಕ್ಷೆಗೆ ಎಸ್ಪ್ರೆಸೋ. ಹೆಸರು ಕಾಫಿಯದ್ದಾದರೂ ಕೆಲಸ ಗಟ್ಟಿ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರುವ. ‘ಕೋಳಿ’ ಅಂತ ಬರೆಯಿರಿ. ಕಣ್ಣಿಗೆ ಕಾಣುವುದು ಒಂದೇ ರೀತಿ. ಆದರೆ ಕಂಪ್ಯೂಟರಿನ ಒಳಗೆ ಅದು ಎರಡು ರೀತಿ ಇರಬಹುದು. ‘ಕ’ದ ಮೇಲೆ ‘ಓ’ ಸ್ವರಚಿಹ್ನೆ ಒಂದೇ ಸಂಕೇತವಾಗಿ ಇರಬಹುದು, ಆಗ ಶಬ್ದದಲ್ಲಿ ಒಟ್ಟು 4 ಸಂಕೇತ. ಅಥವಾ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿ ಇರಬಹುದು, ಆಗ 6. ಯೂನಿಕೋಡ್ ಪ್ರಕಾರ ಎರಡೂ ಸಮಾನ. ಆದರೆ ಕೋಡ್ ಬರೆದವ ಅವನ್ನು ಮೊದಲು ಒಂದೇ ರೂಪಕ್ಕೆ ತರದೆ ನೇರ ಹೋಲಿಸಿದರೆ ‘ಸಮಾನ ಅಲ್ಲ’ ಅಂತ ಬರುತ್ತದೆ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗ ದೀರ್ಘ ಬೇರೆಯಾಗಿ ಉಳಿಯುವುದುಂಟು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆಗಳೆಲ್ಲ ಇರುವುದು ಅಂಥ ಕಡತಗಳಲ್ಲೇ. ಅದನ್ನು ಆ್ಯಪ್‌ಗೆ ತುಂಬಿಸಿದಿರಿ, ಮಗು ತನ್ನ ಫೋನಿನ ಕೀಲಿಮಣೆಯಲ್ಲಿ ಸರಿಯಾಗಿ ‘ಕೋಳಿ’ ಅಂತ ಒತ್ತಿತು, ಆ್ಯಪ್ ಹೇಳಿತು: ತಪ್ಪು!

ಸ್ವಲ್ಪ ಯೋಚನೆ ಮಾಡಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಮಾತ್ರ ಕನ್ನಡ ಇರುವ ಮಗು. ಅದು ಸರಿಯಾಗಿ ಬರೆದ ಕನ್ನಡವನ್ನು ಯಂತ್ರ ತಪ್ಪೆಂದರೆ ಮಗು ಯಂತ್ರವನ್ನು ನಂಬುತ್ತದೆಯೇ ಹೊರತು ತನ್ನನ್ನು ನಂಬುವುದಿಲ್ಲ. ನಾಲ್ಕು ಸಲ ಹಾಗಾದರೆ ಐದನೇ ಸಲ ಇಂಗ್ಲಿಷ್ ಆಟಕ್ಕೆ ಹೋಗುತ್ತದೆ. ನಾವೇ ಚಪ್ಪಾಳೆ ತಟ್ಟಿ ಬಿಡುಗಡೆ ಮಾಡಿದ ಕನ್ನಡ ಆ್ಯಪ್ ಮಾಡಿದ ಉಪಕಾರ ಇದು. ಆಂಕಿಯಲ್ಲಾದರೆ ಬರೆದದ್ದನ್ನು ಮೊದಲು ಒಂದೇ ರೂಪಕ್ಕೆ ತಂದು ಇಟ್ಟುಕೊಳ್ಳುವ ವ್ಯವಸ್ಥೆ ಉಂಟು. ಯಾಕೆ? ಯಾವ ಯಾವುದೋ ಭಾಷೆಯವರು ‘ನಮ್ಮಲ್ಲಿ ಹೀಗೆ ಆಗುತ್ತದೆ’ ಅಂತ ಹೇಳಲು ಅಲ್ಲಿ ದಾರಿ ತೆರೆದಿತ್ತು. ನಮ್ಮ ಶಾಲಿನ ಆ್ಯಪ್‌ನಲ್ಲಿ ಹೇಳುವುದು ಯಾರಿಗೆ?

ಇನ್ನೊಂದು ನೋಡಿ. ‘ಅಕ್ಕ’ದಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಹೇಳುತ್ತದೆ, ಎರಡು. ಕಂಪ್ಯೂಟರ್ ಕೆಲವೊಮ್ಮೆ ಮೂರು ಅನ್ನುತ್ತದೆ: ಅ, ಕ್, ಕ. ಒತ್ತಕ್ಷರವನ್ನು ಎರಡಾಗಿ ಒಡೆಯಬಾರದು ಎಂಬ ನಿಯಮವನ್ನು ಯೂನಿಕೋಡಿನವರು 2023ರ 15.1 ಆವೃತ್ತಿಯಲ್ಲಿ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಆರು ಲಿಪಿಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ! ಪಕ್ಕದ ಬೆಂಚಿನ ತೆಲುಗಿಗೆ ‘ಅಕ್ಕ’ ಎರಡಕ್ಷರ, ಕನ್ನಡಕ್ಕೆ ಮೂರು. ಅಕ್ಷರ ಜೋಡಿಸುವ ಆಟ, ಪದಬಂಧ, ಅಂತ್ಯಾಕ್ಷರಿ ಮಾಡುವ ಪ್ರತಿಯೊಂದು ಆ್ಯಪ್‌ನಲ್ಲೂ ಇದು ಕಾಲಿಗೆ ತೊಡರುತ್ತದೆ. ‘ಅಕ್ಕ ಕೊಟ್ಟರೆ 2 ಬರಬೇಕು, ಶ್ರೀ ಕೊಟ್ಟರೆ 1 ಬರಬೇಕು, ರಾಷ್ಟ್ರ ಕೊಟ್ಟರೆ 2 ಬರಬೇಕು’ ಎಂಬ ಮೂರು ಸಾಲಿನ ಟೆಸ್ಟ್ ಇದ್ದರೆ ಅದು ಮೊದಲ ದಿನವೇ ಕೆಂಪಾಗಿ ಕೂಗುತ್ತದೆ. ಆ ಮೂರು ಸಾಲು ಬರೆಯಲು ಬೇಕಾದ್ದು ಕನ್ನಡದ ಜ್ಞಾನ. ಕೋಡಿನ ಜ್ಞಾನ ಆಮೇಲೆ.

ಸೊನ್ನೆಯ ಕತೆ ಇದಕ್ಕಿಂತ ತಮಾಷೆ. ಆಂಡ್ರಾಯ್ಡ್‌ನಲ್ಲಿ ಏಕವಚನಕ್ಕೊಂದು ವಾಕ್ಯ, ಬಹುವಚನಕ್ಕೊಂದು ವಾಕ್ಯ ಕೊಡಬೇಕು. ಯಾವ ಸಂಖ್ಯೆಗೆ ಯಾವುದು ಎಂಬ ನಿಯಮ ಭಾಷೆಗೆ ತಕ್ಕ ಹಾಗೆ ಬೇರೆ. ಮಲಯಾಳದಲ್ಲಿ ಏಕವಚನ ಅಂದರೆ 1 ಮಾತ್ರ. ಕನ್ನಡದ ನಿಯಮದಲ್ಲಿ 0 ಕೂಡ ಏಕವಚನದ ಗುಂಪಿಗೇ ಸೇರುತ್ತದೆ. ಇದು ತಿಳಿಯದ ಅನುವಾದಕ ಏಕವಚನದ ಜಾಗದಲ್ಲಿ ಅಂಕೆ ಬರುವ ಗುರುತು ಇಡದೆ ‘ಒಂದು ಪಾಠ ಬಾಕಿ ಇದೆ’ ಎಂದು ಅಕ್ಷರದಲ್ಲೇ ಬರೆದುಬಿಟ್ಟರೆ? ಮಗು ಎಲ್ಲ ಪಾಠ ಮುಗಿಸಿದ ಮೇಲೂ ‘ಒಂದು ಪಾಠ ಬಾಕಿ ಇದೆ’ ಅಂತಲೇ ತೋರಿಸುತ್ತಾ ಇರುತ್ತದೆ. ಎಷ್ಟು ಓದಿದರೂ ಮುಗಿಯದ ಪಾಠ! ಮಲಯಾಳದ ಮಕ್ಕಳಿಗೆ ಹಾಗೆ ಆಗುವುದಿಲ್ಲ. ಇದನ್ನು ಹಿಡಿಯುವ ಟೆಸ್ಟ್ ಎಷ್ಟು ಉದ್ದ? ಭಾಷೆ ಕನ್ನಡ, ಸಂಖ್ಯೆ 0, ಬಂದ ವಾಕ್ಯದಲ್ಲಿ ‘ಒಂದು’ ಇರಬಾರದು. ಇಷ್ಟೇ.

ಕೋಡ್ ಸುಧಾರಿಸುವ ಮಾತೂ ಹೀಗೆಯೇ. ಸುಧಾರಣೆ ಅಂದ ಕೂಡಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಬರೆಯುವ ಉಮೇದು ಹುಡುಗರಿಗೆ ಬರುತ್ತದೆ. ಬೇಡ. ಹಳೆಯ ಕೋಡ್ ಕೊಳಕಾಗಿ ಕಂಡರೂ ಅದರ ಒಂದೊಂದು ವಿಚಿತ್ರ ಸಾಲಿನ ಹಿಂದೆ ಯಾವುದೋ ಫೋನಿನಲ್ಲಿ ಕೆಟ್ಟು ಸರಿ ಮಾಡಿದ ಕತೆ ಇರಬಹುದು. ಮೊದಲು ಈಗ ಹೇಗೆ ನಡೆಯುತ್ತಿದೆಯೋ ಅದಕ್ಕೆ ಟೆಸ್ಟ್ ಬರೆಯಿರಿ, ಆಮೇಲೆ ಸಣ್ಣ ಸಣ್ಣ ತುಂಡಾಗಿ ತಿದ್ದಿ, ಪ್ರತಿ ಸಲ ಓಡಿಸಿ ನೋಡಿ. ಕನ್ನಡದವರಿಗೆ ಮಾಡಲು ಅತ್ಯಂತ ಯೋಗ್ಯವಾದ ಮೊದಲ ತಿದ್ದುಪಡಿ ಒಂದುಂಟು, ಅಂಟಿಸಿದ ವಾಕ್ಯಗಳನ್ನು ಬಿಡಿಸುವುದು. ಇಂಗ್ಲಿಷಿನವರು ಕೋಡಿನ ಒಳಗೇ ‘ಕಳಿಸು’ ಎಂಬ ಶಬ್ದದ ಹಿಂದೆ ‘ಗೆ’ ಅರ್ಥದ ಅವರ ಶಬ್ದ, ಅದರ ಹಿಂದೆ ಹೆಸರು ಅಂತ ಗೋಂದು ಹಚ್ಚಿ ಇಡುತ್ತಾರೆ. ಕನ್ನಡದಲ್ಲಿ ಹೆಸರು ಮೊದಲು ಬರಬೇಕು, ವಿಭಕ್ತಿ ಅದಕ್ಕೇ ಅಂಟಬೇಕು. ಅದೂ ಎಲ್ಲರಿಗೂ ಒಂದೇ ರೀತಿಯಲ್ಲಿ ಅಂಟುವುದಿಲ್ಲ: ರಾಮನಿಗೆ, ಸೀತೆಗೆ, ಮಧುವಿಗೆ. ಸುಮ್ಮನೆ ‘ಗೆ’ ಸೇರಿಸಿದರೆ ‘ರಾಮಗೆ’, ‘ಮಧುಗೆ’ ಅಂತ ಯಕ್ಷಗಾನದ ಪದ್ಯದ ಹಾಗೆ ಕೇಳುತ್ತದೆ. ವಾಕ್ಯವನ್ನು ಕೋಡಿನಿಂದ ತೆಗೆದು ಪಠ್ಯದ ಕಡತಕ್ಕೆ ಹಾಕಿ, ಹೆಸರಿನ ಜಾಗ ಖಾಲಿ ಬಿಟ್ಟು, ‘ಇವರಿಗೆ ಕಳಿಸಿ: ರಾಮ’ ಎಂದು ಬರುವ ಹಾಗೆ ಮಾಡಿದರೆ ವಿಭಕ್ತಿಯ ಗೋಜೇ ಇಲ್ಲ. ಇಂಥ ತಿದ್ದುಪಡಿಯಿಂದ ಕನ್ನಡಕ್ಕೆ ಮಾತ್ರ ಅಲ್ಲ, ತಮಿಳಿಗೂ ಜಪಾನಿಗೂ ಲಾಭ. ಹಾಗಾಗಿ ನಡೆಸುವವರು ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ.

ಇಲ್ಲಿ ಇನ್ನೊಂದು ಜಾತಿಯ ಜನರ ಮೇಲೂ ನಮಗೆ ಸಿಟ್ಟುಂಟು. ತೆರೆದ ಕೋಡಿನ ಆ್ಯಪ್ ಒಂದನ್ನು ಎತ್ತಿಕೊಂಡು, ಲಾಂಛನ ಬದಲಿಸಿ, ಹಳದಿ ಕೆಂಪು ಬಣ್ಣ ಬಳಿದು, ಒಂದು ಕನ್ನಡದ ಹೆಸರಿಟ್ಟು ‘ನಮ್ಮದೇ ಸ್ವಂತ ಆ್ಯಪ್’ ಅಂತ ಬಿಡುಗಡೆ ಮಾಡುವವರು. ಮಾಡಿದ ಬದಲಾವಣೆಯನ್ನು ಮೂಲದವರಿಗೆ ಕಳಿಸುವುದೂ ಇಲ್ಲ, ಕೋಡ್ ಕೇಳಿದವರಿಗೆ ಕೊಡುವುದೂ ಇಲ್ಲ. ಜಿಪಿಎಲ್ ಪರವಾನಗಿಯ ಕೋಡ್ ಆದರೆ ಅದನ್ನು ಹಂಚುವಾಗ ಕೋಡ್ ಕೊಡದೆ ಇರುವುದು ಪರವಾನಗಿಯನ್ನೇ ಮುರಿದ ಹಾಗೆ. ಅದಿರಲಿ, ಬುದ್ಧಿವಂತಿಕೆಯ ಲೆಕ್ಕದಲ್ಲಿ ನೋಡಿದರೂ ದಡ್ಡತನ. ಮೂಲದವರು ಆಂಡ್ರಾಯ್ಡ್ ಹೊಸದು ಬಂದಾಗ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ, ಇವರ ನಕಲು ಬಿಡುಗಡೆಯಾದ ದಿನಕ್ಕೇ ನಿಂತು ಕೊಳೆಯುತ್ತದೆ.

ಬೇರೆಯಾಗಿ ಹೋಗುವುದೇ ತಪ್ಪೆಂದು ನಾವು ಹೇಳುವುದಿಲ್ಲ. 2023ರ ಕೊನೆಗೆ ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಒಳ್ಳೆಯ ಆ್ಯಪ್‌ಗಳ ಕಟ್ಟನ್ನು ಒಂದು ಕಂಪನಿಗೆ ಮಾರಿದರು. ಕೋಡ್ ತೆರೆದಿತ್ತಾದ್ದರಿಂದ ಅದರಲ್ಲಿ ಕೆಲಸ ಮಾಡುತ್ತಿದ್ದವರು ‘ಫಾಸಿಫೈ’ ಅಂತ ಹೆಸರಿಟ್ಟು ಮುಂದುವರಿಸಿದರು. ಅವರು ಬೇರೆಯಾದದ್ದು ನೋಡಿಕೊಳ್ಳುವುದಕ್ಕಾಗಿ. ನಮ್ಮವರು ಬೇರೆಯಾಗುವುದು ವೇದಿಕೆಗಾಗಿ.

ಪಕ್ಕದ ಮನೆಯವರನ್ನು ನೋಡಿಯಾದರೂ ಕಲಿಯುವುದು ಬೇಡವೇ? ಮಲಯಾಳಿಗಳನ್ನು ಬೈಯುವುದು ನಮಗೆ ರೂಢಿಯಾಗಿದೆ, ಬೈಯಲು ಕಾರಣಗಳೂ ಉಂಟು. ಆದರೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಎರಡು ದಶಕಕ್ಕೂ ಮೇಲೆ ತಮ್ಮ ಭಾಷೆಯ ಫಾಂಟು, ಕೀಲಿಮಣೆ, ಪದಪರೀಕ್ಷೆ ಅಂತ ಸದ್ದಿಲ್ಲದೆ ತಿದ್ದುತ್ತಾ ಬಂದಿದ್ದಾರೆ. ಅವರ ಬಳಗದಲ್ಲಿ ಹುಟ್ಟಿದ ಇಂಡಿಕ್ ಕೀಬೋರ್ಡ್‌ನಲ್ಲಿ ಕನ್ನಡಕ್ಕೂ ಜಾಗ ಮಾಡಿದರು. ಕೇರಳದ ಸರಕಾರಿ ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ. 2018ರಲ್ಲಿ ಶುರುವಾದ ಲಿಟ್ಲ್ ಕೈಟ್ಸ್ ಕೂಟಗಳಲ್ಲಿ ಹೈಸ್ಕೂಲು ಮಕ್ಕಳು ಪ್ರೋಗ್ರಾಮಿಂಗ್ ಕಲಿಯುತ್ತಾರೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿದ್ದಾರೆ. ಕಲಿತ ವಿದ್ಯೆಯನ್ನು ಕನ್ನಡಕ್ಕೆ ಹಚ್ಚುವ ದಾರಿ ತೋರಿಸಬೇಕಾದವರು ನಾವಲ್ಲದೆ ತಿರುವನಂತಪುರದವರೇ?

‘ಕರ್ನಾಟಕ ಸರಕಾರ ಮಾಡಲಿ’ ಎನ್ನುವವರಿದ್ದಾರೆ. ಮಾಡಿದರೆ ಸಂತೋಷ. ಆದರೆ ಯಾರೇ ದುಡ್ಡು ಕೊಡಲಿ, ಸರಕಾರವೋ ಸಂಘವೋ ಗಲ್ಫಿನ ಕನ್ನಡಿಗರೋ, ಕೆಲವು ಷರತ್ತು ಹಾಕದೆ ಒಂದು ಪೈಸೆಯೂ ಕೊಡಬಾರದು. ಕೋಡ್ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗುವ ಕಡೆ ಇರಬೇಕು. ಟೆಸ್ಟ್ ಇರಬೇಕು, ಮತ್ತು ಅದರಲ್ಲಿ ಕನ್ನಡ ಇರಬೇಕು. ಆ್ಯಪ್‌ಗೆ ಹಾಕುವ ಸಹಿಯ ಕೀಲಿ ಸಂಸ್ಥೆಯ ಕೈಯಲ್ಲಿರಬೇಕು, ಮಾಡಿದ ಹುಡುಗನ ಲ್ಯಾಪ್‌ಟಾಪಿನಲ್ಲಿ ಮಾತ್ರ ಅಲ್ಲ. ಆ ಕೀಲಿ ಕಳೆದುಹೋದರೆ, ಗೂಗಲ್‌ನ ಬಳಿ ಮೊದಲೇ ಇಟ್ಟಿರದಿದ್ದರೆ, ಅದೇ ಆ್ಯಪ್‌ಗೆ ಹೊಸ ಆವೃತ್ತಿ ಹಾಕಲು ಬ್ರಹ್ಮನಿಂದಲೂ ಆಗುವುದಿಲ್ಲ. ಮತ್ತೆ, ಒಟ್ಟು ದುಡ್ಡಿನಲ್ಲಿ ಅರ್ಧವಾದರೂ ಬಿಡುಗಡೆಯ ನಂತರದ ವರ್ಷಗಳಿಗೆ ಇಡಬೇಕು. ಇಷ್ಟು ಕೇಳಿದರೆ ‘ಈ ಮಾಷ್ಟ್ರುಗಳು ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆ’ ಅನ್ನುತ್ತಾರೆ. ಅನ್ನಲಿ.

‘ನಾವು ಭಾಷೆ ಕಲಿಸುವವರು, ಕೋಡ್ ನಮಗೆಂತಕ್ಕೆ?’ ಎಂಬುದು ನಮ್ಮ ಸಹೋದ್ಯೋಗಿಗಳದ್ದೇ ಪ್ರಶ್ನೆ. ಸ್ವಾಮೀ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ನಾವೆಲ್ಲ ಬೀದಿಗಿಳಿದೆವು. ಈಗ ಮಗು ಕ್ಲಾಸಿನಲ್ಲಿ ನಮ್ಮ ಮುಖ ನೋಡುವುದಕ್ಕಿಂತ ಹೆಚ್ಚು ಹೊತ್ತು ಫೋನಿನ ಮುಖ ನೋಡುತ್ತದೆ. ಆ ಫೋನಿನ ಒಳಗೆ ಕೂತ ಮಾಷ್ಟ್ರಿಗೆ ಕನ್ನಡ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡುವವರು ಯಾರು? ಬರ್ಲಿನ್ನಿನಲ್ಲೋ ಟೋಕಿಯೋದಲ್ಲೋ ಕೂತು ರಾತ್ರಿ ನಿದ್ದೆಗೆಟ್ಟು ಪುಕ್ಕಟೆಯಾಗಿ ಕೋಡ್ ನೋಡಿಕೊಳ್ಳುವವರಿಗೆ ಅರ್ಕಾವತ್ತು ಅಂದರೆ ಏನು ಅಂತ ಗೊತ್ತಿರಬೇಕೇ? ‘ಸೂರ್ಯ’, ‘ಸೂರ್‍ಯ’ ಎರಡೂ ಸರಿ ಅಂತ ಅವರಿಗೆ ಹೇಳಿದವರು ಯಾರು? ಅವರು ಕೇಳುವುದು ಒಂದು ಪಟ್ಟಿ. ಎಡಗಡೆ ಕೊಡುವ ಶಬ್ದ, ಬಲಗಡೆ ಬರಬೇಕಾದ ಉತ್ತರ. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆ ಇಪ್ಪತ್ತು ವರ್ಷದಿಂದ ತಯಾರಿಸಿದವರಿಗೆ ಇದು ಕಷ್ಟವೇ? ಪಟ್ಟಿಯನ್ನು ಕಾಟ್ಲಿನ್‌ಗೆ ಇಳಿಸಲು ಪ್ಲಸ್ ಟೂ ಮುಗಿಸಿದ ನಮ್ಮದೇ ಹಳೆ ವಿದ್ಯಾರ್ಥಿಗಳು ಸಾಕು. ಎಷ್ಟು ಮಂದಿ ಎಂಜಿನಿಯರಿಂಗ್ ಓದುತ್ತಿದ್ದಾರೆ! ಅವರಿಗೂ ಲಾಭ. ಇನ್ನೊಬ್ಬರು ಬರೆದ ದೊಡ್ಡ ಕೋಡ್ ಓದಿ, ಕೆಡದ ಹಾಗೆ ತಿದ್ದಿ, ನಾಲ್ಕು ಜನರ ಟೀಕೆ ಕೇಳಿ ಮತ್ತೆ ತಿದ್ದುವುದು ಕಾಲೇಜಿನಲ್ಲಿ ಯಾರೂ ಕಲಿಸದ ವಿದ್ಯೆ.

ಕಷ್ಟ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಓಡಲು 8 ಜಿಬಿ ಮೆಮೊರಿ ಆದರೂ ಬೇಕು, ಲ್ಯಾಬಿನ ಹಳೆಯ ಯಂತ್ರಗಳು ಏದುಸಿರು ಬಿಡುತ್ತವೆ. ಮೊದಲ ಸಲ ಕೋಡ್ ಇಳಿಸಿ ಕಟ್ಟುವುದಕ್ಕೆ ಡೇಟಾ ನೀರಿನ ಹಾಗೆ ಖರ್ಚು. ತಿದ್ದುಪಡಿ ಕಳಿಸಿದ ಮೇಲೆ ಉತ್ತರಕ್ಕೆ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು, ಬಂದ ಉತ್ತರದಲ್ಲಿ ‘ಇದು ಬೇಡ’ ಅಂತಲೂ ಇರಬಹುದು. ಸಂಬಳ ಇಲ್ಲದೆ ಕೆಲಸ ಮಾಡುವವರು ಅವರು, ಅವರ ಮೇಲೆ ಹಾರಾಡಬಾರದು.

ಶಬ್ದಪಟ್ಟಿಯ ಕೆಲಸ ಶುರುವಾಗಿದೆ. ಒತ್ತಕ್ಷರ, ಅರ್ಕಾವತ್ತು, ದೀರ್ಘ, ಸೊನ್ನೆ ಅಂತ ಬೇರೆ ಬೇರೆ ಹಾಳೆ ಮಾಡಿದ್ದೇವೆ. ತಾಳವಾಡಿ, ಜತ್ತ, ಅಕ್ಕಲಕೋಟೆ, ಮಡಕಶಿರಾ ಕಡೆಯ ಅಧ್ಯಾಪಕ ಮಿತ್ರರು ತಮ್ಮ ಮಕ್ಕಳು ಫೋನಿನಲ್ಲಿ ಒತ್ತುವಾಗ ಯಾವ ಶಬ್ದ ಕೆಡುತ್ತದೆ ಅಂತ ಬರೆದು ಕಳಿಸಿದರೆ ಅದೂ ಸೇರುತ್ತದೆ. ಫೋನಿನ ಹೆಸರು, ಆಂಡ್ರಾಯ್ಡ್ ಆವೃತ್ತಿ, ಬಳಸಿದ ಕೀಲಿಮಣೆ ಈ ಮೂರನ್ನು ಮರೆಯದೆ ಬರೆಯಬೇಕು. ‘ನಮ್ಮಲ್ಲಿ ಸರಿ ಬರುವುದಿಲ್ಲ’ ಅಂತ ಮಾತ್ರ ಬರೆದರೆ ಯಾರಿಗೂ ಉಪಯೋಗ ಇಲ್ಲ. ಶನಿವಾರ ಮಧ್ಯಾಹ್ನ ಬರುವವರು ಲ್ಯಾಪ್‌ಟಾಪ್ ಇದ್ದರೆ ತನ್ನಿ. ಇಲ್ಲದಿದ್ದರೆ ಮೂಲೆಗೆ ಬಿಸಾಡಿದ ಹಳೆಯ ಫೋನ್ ತನ್ನಿ, ಹಳೆಯ ಆಂಡ್ರಾಯ್ಡ್‌ನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಲು ಅದು ಬೇಕು. ಚಾ ನಮ್ಮದು. ಶಾಲು ಮಾತ್ರ ತರಬೇಡಿ.